ಅರಗಿನ ಬಿಲ್ಲೆ

ನಾನು ಹುಡುಗಿಯಾಗಿದ್ದ ಕಾಲದಲ್ಲಿ ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಯಾರನ್ನೂ ಕೂಗಿ ಎಬ್ಬಿಸಬೇಕಾಗಿರಲಿಲ್ಲ. ಹೊತ್ತು ಮೂಡುವಾಗಲೇ ಎದುರುಮನೆ ಗಫಾರ್ ಚಾಚಾರ ಬೊಂಬೆ ಕಡೆಯುವ ಲೇತು ಗುಂಯ್ ಎಂದು ತಿರುಗಲು ಶುರುವಾಗುತ್ತಿತ್ತು. ತಿರುಗುವ ಆಲೆ ಮರದ ತುಂಡಿಗೆ ಅವರು ಬಣ್ಣದ ಅರಗನ್ನು ಒತ್ತಿ ಹಿಡಿದರೆ ಬಿಸಿಗೆ ಅದು ಕರಗಿ ಮೈಗೆ ಮೆತ್ತಿಕೊಳ್ಳುತ್ತಿತ್ತು. ಆ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ಈಗಲೂ ಎಲ್ಲಾದರೂ ಬೆಲ್ಲದ ಪಾಕ ತಳ ಹಿಡಿದರೆ ನನಗೆ ಆ ಬೀದಿಯೇ ನೆನಪಾಗುತ್ತದೆ.

ಚಾಚಾರ ಮಗಳು ಫರೀದಾ ನನ್ನ ಜೊತೆಯವಳು. ನಾವಿಬ್ಬರೂ ಒಂದೇ ಕಾನ್ವೆಂಟಿಗೆ ಹೋಗುತ್ತಿದ್ದೆವು. ದಾರಿಯಲ್ಲಿ ಹುಣಸೆಹಣ್ಣಿಗೆ ಉಪ್ಪು ಖಾರ ಹಚ್ಚಿ ಚೀಪುತ್ತಾ, ಗೇಟಿನ ತನಕ ಕನ್ನಡದಲ್ಲಿ ಹರಟುತ್ತಾ ಹೋಗಿ, ಗೇಟು ದಾಟಿದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಒಳಗೆ ಬಿಲ್ಲೆಯ ಕಾಟ.

ಆ ವರ್ಷ ಜೂನಿನಲ್ಲಿ ಶಾಲೆ ತೆರೆದಾಗ ತರಗತಿಗೊಂದು ಮರದ ಬಿಲ್ಲೆ ಬಂದಿತ್ತು. ಅಂಗೈಯಗಲದ ಗುಂಡನೆಯ ಬಿಲ್ಲೆ, ಕೆಂಪು ಮೈ, ಹಳದಿ ಅಂಚು, ಮೇಲೆ ಒಂದು ತೂತು, ತೂತಿಗೆ ದಾರ. ಕನ್ನಡ ಮಾತಾಡಿ ಸಿಕ್ಕಿಬಿದ್ದವಳ ಕುತ್ತಿಗೆಗೆ ಅದನ್ನು ಹಾಕುತ್ತಿದ್ದರು. ಅವಳು ಇನ್ನೊಬ್ಬಳ ಬಾಯಿಂದ ಕನ್ನಡ ಬೀಳುವುದನ್ನೇ ಕಾದು ಹಿಡಿದು ಅವಳಿಗೆ ದಾಟಿಸಬೇಕು. ಕೊನೆಯ ಗಂಟೆ ಹೊಡೆದಾಗ ಯಾರ ಕುತ್ತಿಗೆಯಲ್ಲಿ ಇರುತ್ತದೋ ಅವಳು ಮನೆಗೆ ಕೊಂಡೊಯ್ದು, ಮಾರನೆಯ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಎದುರು ಅದನ್ನು ಹಾಕಿಕೊಂಡು ನಿಲ್ಲಬೇಕು. ನೋಡಿ, ಎಂಥ ಅಚ್ಚುಕಟ್ಟು! ಹೊಡೆಯುವ ಕೆಲಸವೂ ಟೀಚರುಗಳಿಗಿಲ್ಲ, ಗೂಢಚಾರಿಕೆಯ ಕೆಲಸವೂ ಇಲ್ಲ. ಎಲ್ಲವನ್ನೂ ಎಂಟೊಂಬತ್ತು ವರ್ಷದ ಹುಡುಗಿಯರೇ ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಿದ್ದೆವು. ಮೆಲ್ಲಗೆ ಹಿಂದಿನಿಂದ ಬಂದು ಚಿವುಟುವುದು, 'ಅಮ್ಮಾ' ಎಂದರೆ ಹಿಡಿಯುವುದು. 'ಅಮ್ಮಾ' ಕೂಡ ಕನ್ನಡದ ಲೆಕ್ಕಕ್ಕೇ ಸೇರಿತ್ತು.

ಗೇಟು ದಾಟಿದ ಮೇಲೆ ಎಲ್ಲರೂ ಬಿಲ್ಲೆಯನ್ನು ಬಿಚ್ಚಿ ಚೀಲದೊಳಗೆ ತುರುಕುತ್ತಿದ್ದರು. ಹಾಗಾಗಿ ಊರಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಆಗ ಚಂದ್ರಕ್ಕ ಬಾಡಿಗೆಗಿದ್ದಳು. ಬೈರಮಂಗಲದ ಕಡೆಯ ಬೇಸಾಯಗಾರರ ಮಗಳು. ಕಾನೂನು ಓದಿ, ಸಂವಿಧಾನದ ಮೇಲೆ ಡಾಕ್ಟರೇಟಿಗೆ ಬರೆಯುತ್ತಾ, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳಿ ಬರುತ್ತಿದ್ದಳು. ಮದುವೆಯಾಗದ ಹೆಣ್ಣು, ಕೈಯಲ್ಲಿ ಬಳೆ ಬದಲು ಗಡಿಯಾರ, ಬೀದಿಯ ಬಾಯಿಗೆ ಅಷ್ಟು ಸಾಕಾಗಿತ್ತು. ನನಗೆ ನೆನಪಿರುವುದು ಅವಳ ದಪ್ಪ ಪುಸ್ತಕಗಳ ನಡುವೆ ಗುರುತಿಗೆಂದು ಇಟ್ಟಿರುತ್ತಿದ್ದ ಒಣಗಿದ ಹಿಪ್ಪುನೇರಳೆ ಎಲೆಗಳು. "ಊರಿಂದ ತಂದೆ ಕಣಮ್ಮಿ. ಹುಳ ತಿಂದು ಉಳ್ಸಿದ್ದು, ನಾನು ಓದಾಕೆ ಮಡಿಕೊಂಡೆ," ಎಂದು ನಗುತ್ತಿದ್ದಳು.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ತರಗತಿಯ ಕಿಟಕಿಯ ಬಾಗಿಲು ಬಡಿದು ಫರೀದಾಳ ಬೆರಳು ಸಿಕ್ಕಿಕೊಂಡಿತು. "ಅಮ್ಮಾ!" ಎಂದು ಚೀರಿದಳು. ಉಗುರಿನ ಬುಡದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವತ್ತು ಬಿಲ್ಲೆ ಹಾಕಿಕೊಂಡಿದ್ದ ಹುಡುಗಿ ಒಂದು ಗಳಿಗೆ ನಿಂತು ನೋಡಿದಳು, ಆಮೇಲೆ ತನ್ನ ಕುತ್ತಿಗೆಯಿಂದ ತೆಗೆದು ಫರೀದಾಳಿಗೆ ಹಾಕಿದಳು. ಟೀಚರು ಗಾಯಕ್ಕೆ ಕರವಸ್ತ್ರ ಕಟ್ಟಿದರು. ಬಿಲ್ಲೆಯನ್ನು ತೆಗೆಯಲಿಲ್ಲ. ಗಂಟು ಹಾಕುವಾಗ ಅಡ್ಡ ಬರುತ್ತಿದ್ದ ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿ ಗಂಟು ಹಾಕಿದರು, ಅಷ್ಟೆ. ನಲವತ್ತು ವರ್ಷ ಕಳೆದ ಮೇಲೂ ಆ ಪಕ್ಕಕ್ಕೆ ಸರಿಸಿದ ಕೈ ನೆನೆದರೆ ನನ್ನ ಮೈ ಉರಿಯುತ್ತದೆ.

ಸಂಜೆ ಅವಳ ಚೀಲವನ್ನೂ ನಾನೇ ಹೊತ್ತು ಬಂದೆ. ಅವಳು ದಾರಿಯುದ್ದಕ್ಕೂ ಬಿಕ್ಕುತ್ತಿದ್ದಳು. ಬಿಲ್ಲೆ ಬಿಚ್ಚಬೇಕೆನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಜಗಲಿಯ ಮೇಲೆ ಮರದ ಹೊಟ್ಟು ಗುಡಿಸುತ್ತಿದ್ದ ಚಾಚಾ ತಲೆಯೆತ್ತಿ ನೋಡಿದರು. ಮೊದಲು ಕಂಡದ್ದು ಬೆರಳಲ್ಲ, ಬಿಲ್ಲೆ.

"ಅರೆ! ನಿಂಗೂ ಬಂತಾ ಬೇಟಿ, ಮೆಡ್ಲು?"

ನನಗೆ ಅರ್ಥವಾಗಲಿಲ್ಲ. ಚಾಚಾ ನನ್ನ ಕಡೆ ತಿರುಗಿದರು. "ನಾನೇ ಮಾಡಿದ್ದು ಅಮ್ಮಾ, ಇದು. ಸ್ಕೂಲ್‌ನವರು ಬಂದು, ಮಕ್ಕಳ ಕತ್ತಿಗೆ ಹಾಕಾಕೆ ಬೇಕು ಅಂದ್ರು. ಮಕ್ಕಳ ಕತ್ತು ಅಲ್ವಾ, ಅಂಚು ಒಸಿನೂ ತರಚಬಾರ್ದು ಅಂತ ಎರಡು ಸಲ ಉಜ್ಜಿದೀನಿ, ಮುಟ್ಟಿ ನೋಡು. ಚೆನ್ನಾಗಿ ಓದೋರಿಗೆ ಕೊಡ್ತಾರೆ ಅಲ್ವಾ? ನಿಂಗೆ ಯಾವಾಗ?"

ಫರೀದಾ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅಷ್ಟರಲ್ಲಿ ಚಾಚಾ, ಅವಳ ಅಳು ಬೆರಳಿನ ನೋವಿಗೆಂದುಕೊಂಡು ಹೊಸ ಬಟ್ಟೆ ಸುತ್ತಿ, ಹೋಟೆಲಿನಿಂದ ಜಹಾಂಗೀರು ತರಿಸಿ ಬೀದಿಯ ಮಕ್ಕಳಿಗೆಲ್ಲ ಹಂಚತೊಡಗಿದ್ದರು. ಅಷ್ಟು ಸಿಹಿಯಾದದ್ದನ್ನು ಅಷ್ಟು ಕಷ್ಟಪಟ್ಟು ನಾನು ಮತ್ತೆಂದೂ ನುಂಗಿಲ್ಲ.

ರೈಲಿಳಿದು ಬಂದ ಚಂದ್ರಕ್ಕನ ಕೈಗೂ ಒಂದು ಇಟ್ಟರು. "ತಗೊಳ್ಳಿ ಲಾಯರಮ್ಮ, ನಮ್ಮ ಫರೀದಾಗೆ ಮೆಡ್ಲು ಬಂದೈತೆ." ಚಂದ್ರಕ್ಕ ಬಿಲ್ಲೆ ನೋಡಿದಳು, ಬೆರಳು ನೋಡಿದಳು, ಆಮೇಲೆ ಫರೀದಾಳ ಮುಖ ನೋಡಿದಳು. ಸಿಹಿಯನ್ನು ಹಾಗೇ ಹಿಡಿದುಕೊಂಡು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, "ಏನಮ್ಮಿ ಇದು? ನಿಜ ಹೇಳು," ಎಂದಳು. ಹೇಳಿದೆ.

ಅವಳು ಮತ್ತೆ ಬೀದಿಗಿಳಿಯಹೊರಟಾಗ ನಮ್ಮಮ್ಮ ಕೈಹಿಡಿದಳು. "ಬ್ಯಾಡ ಚಂದ್ರ. ಪಾಪ, ಅಷ್ಟು ಖುಷಿಯಾಗವ್ರೆ."

"ಅವರ ಕೈಲೇ ಮಾಡ್ಸಿ ಅವರ ಮಗಳ ಕತ್ತಿಗೇ ಹಾಕವ್ರೆ ಅಕ್ಕಾ. ಅವರಿಗೊಬ್ಬರಿಗೆ ಗೊತ್ತಿಲ್ದಂಗೆ ಮಡಗಾದು ಯಾವ ನ್ಯಾಯ?"

ಅವಳು ಜಗಲಿಯ ಮೇಲೆ ಕೂತು ಚಾಚಾಗೆ ಹೇಳಿದ್ದು ನನಗೆ ಕೇಳಿಸಲಿಲ್ಲ. ಕಂಡದ್ದಿಷ್ಟು: ಚಾಚಾ ಅಂಗೈಗೆ ಹತ್ತಿದ್ದ ಅರಗಿನ ಬಣ್ಣವನ್ನು ಲುಂಗಿಗೆ ಒರೆಸಿಕೊಳ್ಳುತ್ತಲೇ ಇದ್ದರು. ಮಾರನೆಯ ಬೆಳಿಗ್ಗೆ ಲೇತು ತಿರುಗಲಿಲ್ಲ. ಬೀದಿಗೆ ಬೀದಿಯೇ ತಡವಾಗಿ ಎದ್ದಿತು.

ಶಾಲೆಗೆ ಚಾಚಾ, ಚಂದ್ರಕ್ಕ, ಫರೀದಾ, ನಾನು ನಾಲ್ವರೂ ಹೋದೆವು. ಚಾಚಾ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟಿದ್ದರು. ಹೆಡ್‌ಮಿಸ್ಸು ಕಣ್ಣಾರೆ ನೋಡಲಿ ಎಂದು ಚಂದ್ರಕ್ಕ ಫರೀದಾಳ ಕುತ್ತಿಗೆಯ ಬಿಲ್ಲೆಯನ್ನು ತೆಗೆಯಗೊಟ್ಟಿರಲಿಲ್ಲ. ಫರೀದಾ ನನ್ನ ಕೈ ಬಿಡಲಿಲ್ಲವಾದ್ದರಿಂದ ನಾನೂ ಹೆಡ್‌ಮಿಸ್ಸಿನ ಕೋಣೆಯೊಳಗೆ ನಿಂತೆ. ಅವರ ಮೇಜಿನ ಮೇಲೆ ಚಾಚಾರದ್ದೇ ಒಂದು ಪೆನ್ ಸ್ಟ್ಯಾಂಡು ಇತ್ತು, ನೀಲಿ ಬಣ್ಣದ್ದು.

"ಶಿಸ್ತಿಗಾಗಿ ಮಾಡಿದ್ದು," ಎಂದರು ಹೆಡ್‌ಮಿಸ್ಸು. "ಮಕ್ಕಳಿಗೆ ಇಂಗ್ಲಿಷ್ ಬರಲಿ ಅಂತಲೇ ನೀವು ಇಲ್ಲಿಗೆ ಕಳಿಸೋದು ತಾನೇ?"

"ಇಂಗ್ಲಿಷ್ ಕಲಿಸಿ ಮೇಡಂ, ಬೇಡ ಅಂದವರ್ಯಾರು?" ಚಂದ್ರಕ್ಕ ಅಂದು ಆಡಿದ್ದು ಊರಿನ ಮಾತಲ್ಲ, ಕಾಲೇಜಿನ ಮಾತು. "ಈ ಮಗು ಮಾಡಿದ ತಪ್ಪೇನು? ಶಿಕ್ಷೆ ಕೊಡುವ ಮೊದಲು ಯಾರಾದರೂ ಅವಳನ್ನು ಒಂದು ಮಾತು ಕೇಳಿದಿರಾ?"

"ಇದು ಸ್ಕೂಲು. ನಿಮ್ಮ ಕೋರ್ಟಲ್ಲ."

"ಕೋರ್ಟಿಗೆ ಮಾತ್ರ ಅಂತ ಬರೆದಿದ್ದಲ್ಲ ಮೇಡಂ ಸಂವಿಧಾನ. ಮನುಷ್ಯರ ಘನತೆ ಅನ್ನುವುದು ಅದರ ಮೊದಲನೇ ಪುಟದಲ್ಲೇ ಇದೆ. ಎಂಟು ವರ್ಷದವರಿಗೆ ಅನ್ವಯಿಸುವುದಿಲ್ಲ ಅಂತ ಎಲ್ಲೂ ಇಲ್ಲ. ಬೆರಳು ಜಜ್ಜಿಹೋದರೆ ನೀವು ಏನಂತ ಕೂಗುತ್ತೀರಿ?"

ಹೆಡ್‌ಮಿಸ್ಸಿನ ಮುಖ ಕೆಂಪಾಯಿತು. "ಇಷ್ಟವಿಲ್ಲದಿದ್ದರೆ ಟಿ.ಸಿ. ತಗೊಂಡು ಹೋಗಬಹುದು."

ಫರೀದಾಳ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗು ಅವಳೇ. ಟಿ.ಸಿ. ಅಂದರೆ ಮನೆಯಲ್ಲಿ ಕೂರುವುದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಚಾಚಾ ತಲೆ ತಗ್ಗಿಸಿದರು. ಇನ್ನೇನು "ಆಯ್ತು" ಅನ್ನುತ್ತಾರೆ ಅನಿಸಿತು.

"ಟಿ.ಸಿ. ಯಾರೂ ಕೇಳಲಿಲ್ಲ," ಎಂದಳು ಚಂದ್ರಕ್ಕ. "ಅವಳು ಓದುವುದು ಇಲ್ಲೇ. ಕಳಿಸಲೇಬೇಕು ಅಂದರೆ, ಯಾವ ತಪ್ಪಿಗೆ ಅಂತ ಬರೆದು ಸಹಿ ಹಾಕಿ ಕೊಡಿ. 'ಅಮ್ಮಾ ಅಂದದ್ದಕ್ಕೆ' ಅಂತಲೇ ಬರೆಯಿರಿ. ಅದನ್ನು ಎಲ್ಲಿಗೆ ಒಯ್ಯಬೇಕು ಅಂತ ನನಗೆ ಗೊತ್ತು."

ಹೆಡ್‌ಮಿಸ್ಸು ಪೆನ್ ಸ್ಟ್ಯಾಂಡಿನತ್ತ ಕೈ ಚಾಚಿ, ಪೆನ್ನು ತೆಗೆಯದೆ ಕೈ ಹಿಂದಕ್ಕೆಳೆದುಕೊಂಡರು. ಆಗ ಚಾಚಾ ಬಗ್ಗಿ ಮಗಳ ಕುತ್ತಿಗೆಯಿಂದ ಬಿಲ್ಲೆ ತೆಗೆದರು. ದಾರ ಅವಳ ಜಡೆಗೆ ಸಿಕ್ಕಿಕೊಂಡಿತ್ತು, ನಿಧಾನವಾಗಿ ಬಿಡಿಸಿದರು. "ಮೇಡಂ, ಮಿಕ್ಕಿದ್ದೂ ಕೊಟ್ಬುಡಿ. ನಾನು ಮಕ್ಕಳಿಗೆ ಅಂತ ಮಾಡಿದ್ದು. ನಿಮ್ಮ ದುಡ್ಡು ನಿಮಗೇ ಕೊಡ್ತೀನಿ. ನನ್ನ ಕೈಕೆಲಸ ನನಗೆ ಬುಡಿ."

ಅಂದು ಸಂಜೆ ಜವಾನ ಒಂದು ಚೀಲದಲ್ಲಿ ಬಿಲ್ಲೆಗಳನ್ನೆಲ್ಲ ತಂದು ಜಗಲಿಯ ಮೇಲೆ ಇಟ್ಟು ಹೋದ. ಫರೀದಾ ಅದೇ ಶಾಲೆಯಲ್ಲೇ ಉಳಿದಳು. ಚಾಚಾ ಒಂದೊಂದು ಬಿಲ್ಲೆಯ ನಡುಮಧ್ಯೆ ತೂತು ಕೊರೆದು, ಅಚ್ಚು ತೂರಿಸಿ, ಚಕ್ರ ಮಾಡಿ ನಮಗೆಲ್ಲ ಸೇರಿ ಎರಡು ಮೂರು ಗಾಡಿ ಕಟ್ಟಿಕೊಟ್ಟರು. ಅಂಚಿನ ಬಳಿ ಇದ್ದ ಹಳೆಯ ತೂತು ಚಕ್ರ ತಿರುಗುವಾಗ ಕಾಣುತ್ತಲೇ ಇರಲಿಲ್ಲ. ಆ ಮಳೆಗಾಲವೆಲ್ಲ ನಮ್ಮ ಬೀದಿಯಲ್ಲಿ ಅದೇ ಆಟ, ಕೂಗಾಟವೆಲ್ಲ ಕನ್ನಡದಲ್ಲಿ.

ಇಲ್ಲಿಗೇ ಮುಗಿದಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲ.

ಒಂದು ಭಾನುವಾರ ಶಾಲೆಯ ಕಮಿಟಿಯ ಹಿರಿಯರೊಬ್ಬರು ನಮ್ಮ ಮನೆಗೆ ಕಾಫಿಗೆ ಬಂದರು. "ನಿಮ್ಮ ಮಗಳೂ ಅಲ್ಲೇ ಓದ್ತಾವ್ಳೆ ಅಲ್ವಾ?" ಎಂದಷ್ಟೇ ಕೇಳಿ, ಎರಡು ಕೋಡುಬಳೆ ತಿಂದು ಎದ್ದು ಹೋದರು. ಮಾರನೆಯ ದಿನ ಅಪ್ಪ ಮಹಡಿ ಹತ್ತಿದರು. "ಒಳ್ಳೆ ಹುಡುಗಿ ಕಣಮ್ಮ ನೀನು. ಆದ್ರೆ ನೋಡು, ನಮ್ದು ಸಂಸಾರಸ್ಥರ ಮನೆ..." ಚಂದ್ರಕ್ಕ ಮಾತು ಮುಗಿಸಲು ಬಿಡಲಿಲ್ಲ. "ಬತ್ತೀನಿ ಬುಡಿ ಅಣ್ಣ," ಎಂದು ಪುಸ್ತಕ ಕಟ್ಟತೊಡಗಿದಳು. ಯಾರನ್ನೇ ಆಗಲಿ ಶಿಕ್ಷಿಸುವ ಮೊದಲು ಒಂದು ಮಾತು ಕೇಳಬೇಕು ಎಂದು ವಾದಿಸಿದವಳನ್ನು, ಒಂದು ಮಾತೂ ಕೇಳದೆ ಕಳಿಸಿದೆವು.

ರಾಮನಗರದಲ್ಲಿ ರೇಷ್ಮೆ ಬಿಚ್ಚುವವರೊಬ್ಬರ ಮನೆಯ ಮೇಲೆ, ಬೇಯುವ ಗೂಡುಗಳ ವಾಸನೆಯ ನಡುವೆ ಕೂತು ಅವಳು ಡಾಕ್ಟರೇಟು ಮುಗಿಸಿದಳು. ಪ್ರೊಫೆಸರಾದಳು. ಬೇರೆ ಊರುಗಳಿಂದ ಸಂವಿಧಾನದ ಬಗ್ಗೆ ಮಾತಾಡಲು ಕರೆಗಳು ಬಂದವು. ಕಡೆಗೆ ಒಂದು ವಿಶ್ವವಿದ್ಯಾಲಯಕ್ಕೆ ಕುಲಪತಿಯಾದಳು. ಅಲ್ಲಿ ಮೊದಲು ತಂದ ನಿಯಮ, ಯಾವ ವಿದ್ಯಾರ್ಥಿಯನ್ನೂ ಎದುರು ಕೂರಿಸಿ ಅವನ ಮಾತು ಕೇಳದೆ ದಂಡಿಸಕೂಡದು ಎಂಬುದು. ಪತ್ರಿಕೆಯವರು ಅವಳ ಪದವಿಗಳನ್ನೆಲ್ಲ ಪಟ್ಟಿ ಮಾಡಿ, 'ಮೃದು ಸ್ವಭಾವದವರು' ಎಂದು ಬರೆದರು. ಅವಳ ಮೃದು ಸ್ವಭಾವ ನನಗೆ ಗೊತ್ತು! ನಮ್ಮಪ್ಪ ಆ ಪುಟ ಕತ್ತರಿಸಿ ಬಂದವರಿಗೆಲ್ಲ ತೋರಿಸುತ್ತಿದ್ದರು. "ನಮ್ಮ ಮನೇಲೇ ಇದ್ದೋರು. ನಮ್ಮ ಮಹಡೀಲೇ ಓದಿದ್ದು." ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಸಿಟ್ಟಿಗೆ ಕಾಫಿ ಲೋಟವನ್ನು ಅಲ್ಲೇ ಕುಕ್ಕಿ ಏಳುತ್ತಿದ್ದೆ.

ಈಗ ನನ್ನ ಮಗಳು ಬಿಡದಿಯಲ್ಲಿದ್ದಾಳೆ. ಮೊಮ್ಮಗಳು ಅಲ್ಲಿಯ ದೊಡ್ಡ ಶಾಲೆಯೊಂದಕ್ಕೆ ಹೋಗುತ್ತಾಳೆ. ಹೋದ ತಿಂಗಳು ಮಗಳ ಮೊಬೈಲಿಗೆ ಶಾಲೆಯಿಂದ ಒಂದು ಸಂದೇಶ ಬಂತು. ಮಗು ಕನ್ನಡ ಮಾತಾಡಿದ್ದರಿಂದ ಒಳ್ಳೆಯ ನಡತೆಗೆಂದು ಕೊಟ್ಟಿದ್ದ ಸ್ಟಾರ್‌ಗಳಲ್ಲಿ ಒಂದನ್ನು ಕಳೆಯಲಾಗಿದೆ. "ಅಮ್ಮಾ, ಅವಳ ಜೊತೆ ಒಸಿ ಇಂಗ್ಲಿಷಲ್ಲೇ ಮಾತಾಡು, ಪ್ಲೀಸ್," ಎಂದಳು ಮಗಳು. ನಾನೇ ಶಾಲೆಗೆ ಹೋಗಿ ಕೇಳಿದರೆ, ಕೌಂಟರಿನ ಹುಡುಗಿ ನಗುನಗುತ್ತಲೇ, "ಅದು ಸಿಸ್ಟಮ್ ಆಂಟಿ, ಕ್ಲಾಸಲ್ಲಿ ಕನ್ನಡ ಕೇಳಿಸಿದ್ರೆ ತಾನಾಗೇ ಕಟ್ ಆಗುತ್ತೆ," ಎಂದಳು.

ಚಂದ್ರಕ್ಕನಿಗೆ ಫೋನು ಮಾಡಿದೆ. ನಿವೃತ್ತಳಾಗಿ ಊರಿಗೇ ಮರಳಿದ್ದಾಳೆ. ಎಲ್ಲ ಕೇಳಿ, "ಯಾರು ಮಾಡಿದ್ದು ಅಂತ ಕೇಳಿದ್ಯಾ ಅಮ್ಮಿ?" ಎಂದಳು.

"ಯಾರೂ ಅಲ್ವಂತೆ ಅಕ್ಕಾ. ತಾನಾಗೇ ಆಗುತ್ತಂತೆ."

"ಹಂಗಾದ್ರೆ ಯಾರ ಮುಂದೆ ಹೋಗಿ ನಿಲ್ಲಾದು?" ಎಂದಳು.

ಅಂದಿನ ಬಿಲ್ಲೆಗೆ ತೂಕವಿತ್ತು, ಬಣ್ಣವಿತ್ತು, ಅದನ್ನು ಮಾಡಿದ ಕೈಯೊಂದಿತ್ತು. ಆ ಕೈ ಬಂದು ನನ್ನದು ನನಗೆ ಕೊಡಿ ಎಂದು ಕೇಳಬಹುದಿತ್ತು, ಚಕ್ರ ಮಾಡಿ ಉರುಳಿಸಬಹುದಿತ್ತು. ಇಂದಿನದನ್ನು ಕುತ್ತಿಗೆಯಿಂದ ತೆಗೆಯುವುದು ಹೇಗೆ?

ಮೊನ್ನೆ ನಮ್ಮ ಮನೆಯಲ್ಲಿ ಮೊಮ್ಮಗಳ ಬೆರಳು ಬೀರುವಿನ ಬಾಗಿಲಿಗೆ ಸಿಕ್ಕಿತು. ನಾನು ಅಡುಗೆಮನೆಯಿಂದ ಓಡಿ ಬಂದೆ. ಮಗು ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರು ತುಂಬಿತ್ತು, ಸದ್ದು ಮಾತ್ರ ಬರಲಿಲ್ಲ. ಅದು ಮೊದಲು ಆಚೆ ಈಚೆ ನೋಡಿತು.