ಎಮ್ಮೆ ಮೇಯ್ದ ಅರಿಶಿನದ ಸಾಲು

ಗೆಳೆಯರೇ, ಇವತ್ತು ನಮ್ಮ ಹರದನಹಳ್ಳಿ ಜಮೀನಿಗೆ ಗುಂಡ್ಲುಪೇಟೆ ಕಡೆಯ ರೈತ ಮಹಿಳೆಯರು ಬಂದಿದ್ದರು. ಮಳೆ ಕೈಕೊಟ್ಟರೂ ತೇವ ಉಳಿಯಲಿ ಅಂತ ನಾನು ಅರಿಶಿನದ ಸಾಲಿಗೆ ರಾಗಿಹುಲ್ಲು ಹಾಸಿದ್ದನ್ನು ನೋಡೋಕೆ. ಹೋಗಿ ನೋಡಿದರೆ ಅರ್ಧ ಹೊಲದಲ್ಲಿ ಹುಲ್ಲೇ ಇಲ್ಲ! ಪಕ್ಕದ ಜಮೀನಿನ ಮಾದೇವಮ್ಮನ ಎಮ್ಮೆ ನಿನ್ನೆಯೇ ಮೇಯ್ದುಬಿಟ್ಟಿತ್ತು.

ಬಂದವರ ಮುಂದೆ ಮರ್ಯಾದೆ ಹೋಯಿತಲ್ಲ ಅಂತ ಸಿಟ್ಟು ಬಂತು. "ಎಮ್ಮೆ ಕಟ್ಟಾಕಕ್ಕೆ ಆಗಕಿಲ್ವಾ?" ಅಂತ ಕೂಗಿದೆ.

ಮಾದೇವಮ್ಮ ಬೇಲಿಯಾಚೆಯಿಂದಲೇ, "ತಿನ್ನೋ ಉಲ್ಲ ನೆಲಕ್ಕೆ ಆಸ್ಬುಟ್ಟು ನನ್ ಎಮ್ಮೆನ ಬಯ್ತೀಯಲ್ಲಮ್ಮಿ!" ಅಂದರು.

ಅಷ್ಟರಲ್ಲಿ ಬಂದವರಲ್ಲೊಬ್ಬರು ಎರಡೂ ಕಡೆ ಮಣ್ಣಿಗೆ ಕೈ ಹಾಕಿ, "ಬನ್ರಮ್ಮ ಇಲ್ಲಿ! ಉಲ್ಲಿರೋ ಕಡೆ ತಣ್ಣಗದೆ, ಎಮ್ಮೆ ಮೇಯ್ದಿರೋ ಕಡೆ ಬರೀ ಧೂಳು" ಅಂದರು. ಎಲ್ಲರೂ ಮುಟ್ಟಿ ನೋಡಿದರು. ಮಾದೇವಮ್ಮನೂ ಬೇಲಿ ದಾಟಿ ಬಂದು ಮುಟ್ಟಿದರು.

"ನಾವು ಬಾಳೆಗೆ ಒಣಗಿದ ತೆಂಗಿನ ಗರಿ ಆಸ್ತೀವಿ, ಎಮ್ಮೆ ಮೂಸೂ ನೋಡಕಿಲ್ಲ" ಅಂತ ಅದೇ ಹೆಂಗಸು ನನಗೆ ಹೇಳಿಕೊಟ್ಟರು.

ಅವರೆಲ್ಲ ಹೊರಟ ಮೇಲೆ ಮಾದೇವಮ್ಮ ಮೆಲ್ಲಗೆ, "ನಮ್ ಅರಿಶಿನಕ್ಕೂ ಗರಿ ಆಸ್ಬೇಕು, ಬತ್ತೀಯಾ?" ಅಂದರು.

ಇವತ್ತು ಜಗಳ ಆಡಿಯೇ ತೀರಬೇಕು ಅಂತಿದ್ದ ನಾನು, ನಾಳೆ ಬೆಳಿಗ್ಗೆ ಅವರ ಹೊಲದಲ್ಲಿ ಕೂಲಿಯಿಲ್ಲದ ಆಳು.