ಬೂಟು ಹೊಲಿಯುವವನ ಇಸ್ತ್ರಿ ಮೇಜು

ನನ್ನ ಗೆಳೆಯ ತೀರಿಹೋಗಿ ಎರಡು ತಿಂಗಳಾಯಿತು. ಆಸ್ಪತ್ರೆಯ ಹಿಂಭಾಗದ ಕಾರ್ಯಾಗಾರದಲ್ಲಿ ಅವನು ಬೂಟು ಹೊಲಿಯುತ್ತಿದ್ದ. ಅಂಗಡಿಯ ಯಾವ ಬೂಟೂ ಒಗ್ಗದ ಪಾದಗಳಿಗೆ, ಬೆರಳು ಕಳೆದುಕೊಂಡವಕ್ಕೆ, ಒಳಕ್ಕೆ ಸೊಟ್ಟಗಾದವಕ್ಕೆ, ಮುಟ್ಟಿದರೆ ಗೊತ್ತೇ ಆಗದಷ್ಟು ಮರಗಟ್ಟಿದವಕ್ಕೆ. ಅದೇ ಕೋಣೆಯಲ್ಲಿ ಪಾದಗಳ ಪ್ಲಾಸ್ಟರ್ ಅಚ್ಚು ತೆಗೆಯುವುದು ನನ್ನ ಕೆಲಸ. ಇಪ್ಪತ್ತಮೂರು ವರ್ಷ ನಮ್ಮಿಬ್ಬರ ಮೇಜುಗಳು ಅಕ್ಕಪಕ್ಕದಲ್ಲಿದ್ದವು. ಈಗ ಅವನ ಮೇಜಿನ ಮೇಲೆ ಯಾರೋ ಫೈಲುಗಳನ್ನು ಪೇರಿಸಿದ್ದಾರೆ. ಅತ್ತ ನೋಡಬಾರದು ಎಂದುಕೊಂಡೇ ದಿನಕ್ಕೆ ಹತ್ತು ಸಲ ನೋಡುತ್ತೇನೆ.

ಕಾರ್ಯಾಗಾರದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ನಿಧಾನಿ’ ಎಂದು. ಆ ಹೆಸರಿಟ್ಟವರು ನಮ್ಮ ಮೇಲ್ವಿಚಾರಕರು. ಹೊಗಳಲು ಇಟ್ಟದ್ದಲ್ಲ.

ಹೊಸಬರು ಯಾರೇ ಬಂದರೂ ಅವನು ಮೊದಲು ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. ಮನೆಗೆ ಎಷ್ಟು ಮೆಟ್ಟಿಲು, ಬಸ್ಸು ಹತ್ತುವಾಗ ಯಾವ ಕಾಲು ಮುಂದೆ, ಬಚ್ಚಲ ನೆಲ ಜಾರುತ್ತದೆಯೇ, ಇವೇ ಪ್ರಶ್ನೆಗಳು. ಅವರ ಹಳೆಯ ಬೂಟಿನೊಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಬೆರಳಿನಿಂದ ತಡಕುತ್ತ ಕೂರುತ್ತಿದ್ದ. ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕೋಳಿಕಾಲಿನಂಥ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ ಹೊಲಿಗೆ. ಎರಡು ಮೂರು ಸಲ ಹೊಲಿದು ಬಿಚ್ಚಿದರೂ ಕೂಡಿಬರದಿದ್ದರೆ ಎಲ್ಲವನ್ನೂ ಡ್ರಾಯರಿಗೆ ತಳ್ಳಿ, ಮನೆಗೆ ಹೋಗಿ ಬಟ್ಟೆ ಇಸ್ತ್ರಿ ಮಾಡಲು ನಿಲ್ಲುತ್ತಿದ್ದ.

ಮನೆಯ ಬಟ್ಟೆ ಮುಗಿದರೆ ದಿಂಬಿನ ಚೀಲ, ಅದು ಮುಗಿದರೆ ಕಿಟಕಿಯ ಪರದೆ. ಆ ಓಣಿಯವರಿಗೆಲ್ಲ ಇದು ಗೊತ್ತಾಗಿಹೋಗಿತ್ತು. ಪಕ್ಕದ ಮನೆಯಾಕೆ ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲಿ ನಿಂತು, “ಅಕ್ಕಾ, ನಿಮ್ಮನೆಯವ್ರಿಗೆ ಈ ವಾರ ಯಾವ್ದಾದ್ರೂ ಕಷ್ಟದ ಕಾಲು ಬಂದಿದ್ಯಾ?” ಎಂದು ಕೇಳುತ್ತಿದ್ದಳು.

“ಬಂದಿದೆ ಬಾರಮ್ಮ. ಕರವಸ್ತ್ರಾನೂ ಬಿಡದೆ ತಗೊಂಡು ಬಾ,” ಎನ್ನುತ್ತಿದ್ದಳು ಅವನ ಹೆಂಡತಿ. ನಾನು ಅವಳನ್ನು ಅತ್ತಿಗೆ ಎಂದೇ ಕರೆಯುವುದು.

ನನಗೆ ಓದುವ ಚಟ. ಸುಪ್ತಮನಸ್ಸಿನ ಬಗ್ಗೆ ಓದಿದ್ದನ್ನು ಒಂದು ದಿನ ಊಟದ ಹೊತ್ತಿನಲ್ಲಿ ಅವನಿಗೆ ಹೇಳಿದೆ. ನಾವು ಒಂದು ತೊಡಕನ್ನು ಕೆಳಗಿಟ್ಟು ಬೇರೇನೋ ಮಾಡುತ್ತಿರುವಾಗಲೂ ಮನಸ್ಸಿನ ತಳದಲ್ಲಿ ಅದರ ಕೆಲಸ ನಡೆದಿರುತ್ತದಂತೆ. ನಾವು ಬಲವಂತವಾಗಿ ಯೋಚಿಸುವಾಗ ಹತ್ತಿರ ಬರಲು ಹೆದರುವ ಸಂಗತಿಗಳು ಅಲ್ಲಿ ಒಂದನ್ನೊಂದು ಮುಟ್ಟುತ್ತವಂತೆ ಎಂದೆ. ಅವನು ತುತ್ತು ನುಂಗಿ, “ಅಷ್ಟು ದೊಡ್ಡ ಹೆಸರಿದ್ಯಾ ಅದಕ್ಕೆ? ನಾನು ಇಸ್ತ್ರಿ ಅಂತಿದ್ದೆ,” ಎಂದ.

ನಾನೂ ಒಮ್ಮೆ ಪ್ರಯತ್ನಿಸಿದೆ. ಅಂಗಿಯ ಕಾಲರು ಸುಟ್ಟುಹೋಯಿತು, ಬೇರೇನೂ ಹೊಳೆಯಲಿಲ್ಲ. ನನ್ನೊಳಗೆ ನಾನು ಏನನ್ನೂ ತುಂಬಿಕೊಂಡಿರಲಿಲ್ಲ, ಹೊಳೆಯುವುದೆಲ್ಲಿಂದ? ಅವನಾದರೋ ಆ ಪಾದದ ಮನುಷ್ಯನನ್ನು ಬೆಳಗಿನಿಂದ ಸಂಜೆಯವರೆಗೆ ತನ್ನೊಳಗೆ ಹೊತ್ತುಕೊಂಡ ಮೇಲೆಯೇ ಇಸ್ತ್ರಿಪೆಟ್ಟಿಗೆ ಎತ್ತುತ್ತಿದ್ದದ್ದು.

ಹನ್ನೊಂದು ವರ್ಷಗಳ ಹಿಂದೆ ಒಬ್ಬರು ಗಣಿತದ ಟೀಚರ್ ನಮ್ಮಲ್ಲಿಗೆ ಬಂದರು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಎರಡು ಬೆರಳು ಹೋಗಿದ್ದವು. ಉಳಿದ ಪಾದಕ್ಕೆ ಸ್ಪರ್ಶವಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಒಂದು ಹುಣ್ಣು. ಮನೆಯಲ್ಲಿ ಕಾಲು ನೀಡಿ ಕೂತರೆ ಮಾಗುತ್ತಿತ್ತು, ಶಾಲೆಗೆ ಹೋದರೆ ಒಡೆಯುತ್ತಿತ್ತು. ನಿಧಾನಿ ಮೂರು ಜೊತೆ ಬೂಟು ಮಾಡಿಕೊಟ್ಟ. ಮೂರರಲ್ಲೂ ಹುಣ್ಣಿನ ಜಾಗಕ್ಕೆ ಒಂದಕ್ಕಿಂತ ಒಂದು ಮೆತ್ತಗಿನ ಹಾಸು. ಮೂರು ಸಲವೂ ಅದೇ ಜಾಗ ಒಡೆಯಿತು.

ಡಾಕ್ಟರು ಟೀಚರಿಗೆ ನಮ್ಮೆದುರೇ ಹೇಳಿದರು: “ಇನ್ನೊಂದ್ಸಲ ಒಡೆದ್ರೆ ಪಾದ ಉಳಿಸೋಕಾಗಲ್ಲಮ್ಮ. ಶಾಲೆಯವ್ರಿಗೆ ಕಾಗದ ಬರ್ಕೊಡ್ತೀನಿ, ಆಫೀಸಲ್ಲಿ ಕೂತ್ಕೊಂಡು ಮಾಡೋ ಕೆಲಸ ಕೊಡಲಿ.”

“ಕೂತ್ಕೊಂಡು ಏನ್ ಮಾಡ್ಲಿ ಸಾರ್? ನಲವತ್ತು ಮಕ್ಳ ಮುಂದೆ ನಿಂತ್ರೇನೇ ನನ್ನ ತಲೆ ಓಡೋದು,” ಎಂದರು ಟೀಚರ್. ದನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಚೀಲದ ಹಿಡಿಯನ್ನು ತಿರುಚುತ್ತಲೇ ಇತ್ತು.

ಶಾಲೆ ತೆರೆಯಲು ಎಂಟು ದಿನವಿತ್ತು. ಬುಧವಾರದೊಳಗೆ ಹೊಸ ಬೂಟು ಕೊಡಬೇಕು, ಇಲ್ಲವೇ ‘ಬೂಟು ಸಾಧ್ಯವಿಲ್ಲ’ ಎಂದು ಫೈಲಿನಲ್ಲಿ ರುಜು ಹಾಕಬೇಕು ಎಂದರು ಮೇಲ್ವಿಚಾರಕರು. ನಿಧಾನಿ ತಲೆಯಾಡಿಸಿದ. ಮೂರು ದಿನ ಹಳೆಯ ಬೂಟುಗಳನ್ನು ಕೊಯ್ದು ನೋಡಿದ, ನನ್ನ ಅಚ್ಚುಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಶನಿವಾರ ಮಧ್ಯಾಹ್ನ ಎಲ್ಲವನ್ನೂ ಡ್ರಾಯರಿಗೆ ತಳ್ಳಿ ಎದ್ದುಹೋದ.

ಭಾನುವಾರ ಬೆಳಿಗ್ಗೆ ಅವನಿಗೆ ನಾಲ್ಕು ಮಾತು ಅಂದುಬಿಡಬೇಕೆಂದೇ ಅವನ ಮನೆಗೆ ಹೋದೆ. ಇದೊಂದು ಸಲವಾದರೂ ಅವನು ಅವಸರಪಡಬಾರದೇ ಎಂದು ನನಗೆ ಸಿಟ್ಟು. ಮುಂದಿನ ಕೋಣೆಯಲ್ಲಿ ಮೇಜಿಗೆ ಕಂಬಳಿ ಹಾಸಿ, ಅದರ ಮೇಲೊಂದು ನುಣುಪಾದ ಹಳೆಯ ಬಟ್ಟೆ ಹರಡಿ ಪರದೆಗಳ ಇಸ್ತ್ರಿ ನಡೆದಿತ್ತು. ಒಂದೊಂದನ್ನೂ ಮುಗಿಸಿ, ಗಿರಕ್ಕನೆ ತಿರುಗಿ, ಹಿಂದಿನ ಕುರ್ಚಿಯ ಮೇಲೆ ಹಾಕಿ, ಮತ್ತೆ ಗಿರಕ್ಕನೆ ಮೇಜಿನತ್ತ ತಿರುಗುತ್ತಿದ್ದ.

“ನೋಡು ನಿನ್ನ ಗೆಳೆಯನ್ನ,” ಎಂದಳು ಅತ್ತಿಗೆ. “ಆರು ಗಂಟೆಯಿಂದ ಹಿಂಗೇ. ಇನ್ನು ಇಸ್ತ್ರಿ ಹಾಕೋಕೆ ಈ ಮನೇಲಿ ಉಳಿದಿರೋದು ನಾನೊಬ್ಳೇ.”

“ಅಲ್ಲ ಕಣೋ, ಆ ಟೀಚರ್ ಪಾದ ಹೋಗುತ್ತೆ, ನೀನಿಲ್ಲಿ ಪರದೆ...” ಎಂದು ನಾನು ಶುರುಮಾಡಿದೆ. ಅವನು ಕೈಯೆತ್ತಿ ತಡೆದ. ಮುಖದಲ್ಲಿ ಎಂಥದೋ ಗೊಂದಲ. ಬಗ್ಗಿ ತನ್ನ ಬಲಗಾಲನ್ನು ನೋಡಿಕೊಂಡ.

“ಪಾದ ಉರೀತಿದೆ ಕಣೋ.”

“ಆರು ಗಂಟೆಯಿಂದ ನಿಂತಿದ್ರೆ ಉರೀದೆ ಇನ್ನೇನು?”

“ನಿಂತಿದ್ದಕ್ಕಲ್ಲ. ಹೆಬ್ಬೆರಳ ಬುಡದಲ್ಲಿ ಮಾತ್ರ.” ಅವನು ನಿಧಾನವಾಗಿ ಒಮ್ಮೆ ಕುರ್ಚಿಯ ಕಡೆ, ಒಮ್ಮೆ ಮೇಜಿನ ಕಡೆ ತಿರುಗಿದ. “ತಿರುಗಿದ್ದಕ್ಕೆ. ಲೋ, ಟೀಚರ್ ಬೋರ್ಡ್ ಮೇಲೆ ಒಂದು ಲೆಕ್ಕ ಬರೀತಾರೆ, ಮಕ್ಳ ಕಡೆ ತಿರುಗ್ತಾರೆ. ಇನ್ನೊಂದು ಬರೀತಾರೆ, ತಿರುಗ್ತಾರೆ. ನಾವು ಅವರನ್ನ ನಿಲ್ಸಿ ನೋಡಿದ್ವಿ, ನಡೆಸಿ ನೋಡಿದ್ವಿ. ತಿರುಗ್ಸಿ ನೋಡ್ಲೇ ಇಲ್ಲ.”

ಒಳಗೆ ಓಡಿಹೋಗಿ ನೋಟ್‌ಬುಕ್ ತಂದ. ಟೀಚರ್ ಬಂದ ಮೊದಲ ದಿನದ ಹಾಳೆಯಲ್ಲಿ ಅವನದೇ ಅಕ್ಷರ: ‘ಹಳೆ ಬೂಟಿನ ಒಳಗೆ ಸವೆತ ದುಂಡಗಿದೆ.’ ನಡೆದು ಸವೆಸಿದ ಬೂಟಿನಲ್ಲಿ ಗುರುತು ಉದ್ದಕ್ಕಿರುತ್ತದೆ. ಒಂದೇ ಜಾಗದಲ್ಲಿ ತಿರುಚಿದರೆ ಮಾತ್ರ ದುಂಡಗೆ.

“ನಾನೇ ಬರೆದಿದ್ದು. ಬರೆದಿದ್ದು ಗೊತ್ತೇ ಇಲ್ಲ ನೋಡು ನಂಗೆ,” ಎಂದ.

ಅವನಿಗೆ ಗೊತ್ತಿರಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಬೆರಳು ತಡಕಿದ್ದನ್ನು ಅವನೊಳಗಿನ ಯಾವುದೋ ಭಾಗ ಎತ್ತಿಟ್ಟುಕೊಂಡಿತ್ತು. ತಿಂಗಳುಗಟ್ಟಲೆ ಅದನ್ನು ಬಿಟ್ಟುಕೊಡದೆ ಕಾದು, ಕಾಲು ಉರಿದ ಗಳಿಗೆಯಲ್ಲಿ ತಂದು ಮುಂದಿಟ್ಟಿತು.

“ಸರಿ, ತಿರುಗ್ಬೇಡಿ ಅಂತ ಟೀಚರಿಗೆ ಹೇಳೋಕಾಗುತ್ತಾ?” ಎಂದೆ. ಅವನು ಮೇಜಿನ ಮೇಲೆ ಅಂಗೈ ಊರಿ, ಒತ್ತಿ ತಿರುಚಿದ. ಕಂಬಳಿಯ ಮೇಲಿನ ನುಣುಪು ಬಟ್ಟೆ ಅಂಗೈಯ ಜೊತೆಗೇ ತಿರುಗಿತು. ಮತ್ತೆ ತಿರುಚಿದ. ಮತ್ತೆ.

“ನೋಡು, ಜಾರ್ತಿರೋದು ಬಟ್ಟೆ. ನನ್ನ ಚರ್ಮ ಅಲ್ಲ.”

ಸೋಮವಾರ ಕಾರ್ಯಾಗಾರಕ್ಕೆ ಎಲ್ಲರಿಗಿಂತ ಮೊದಲು ಬಂದ. ಬೂಟಿನೊಳಗೆ ಎರಡು ಪದರ ಹಾಸು. ಕೆಳಗಿನದು ಕನ್ನಡಿಯಂತೆ ತಿಕ್ಕಿದ ಚರ್ಮ, ಅಲುಗದಂತೆ ಅಂಟಿಸಿದ್ದು. ಮೇಲಿನದು ಮೆತ್ತಗಿನದು, ಹಿಮ್ಮಡಿಯಲ್ಲಿ ಮಾತ್ರ ಹೊಲಿದದ್ದು. ಮುಂದೆ ಒಂದು ಅಕ್ಕಿಕಾಳಿನಷ್ಟು ಅತ್ತಿತ್ತ ಸರಿಯುವಂಥದು. ಮೇಲ್ವಿಚಾರಕರು ಕೈ ಹಾಕಿ ನೋಡಿ ಹುಬ್ಬು ಗಂಟಿಕ್ಕಿದರು. “ಏನಯ್ಯಾ ಇದು? ಒಳಗೆ ಅಲ್ಲಾಡೋ ಬೂಟಾ? ಅಲ್ಲಾಡದ ಹಾಗೆ ಮಾಡೋದಕ್ಕಲ್ವಾ ನಮಗೆ ಸಂಬಳ?”

“ಬೂಟು ಅಲ್ಲಾಡ್ಲಿ ಸಾರ್. ಚರ್ಮ ಅಲ್ಲಾಡದೆ ಇದ್ರೆ ಸಾಕು.”

ಅವರಿಗೆ ನಂಬಿಕೆ ಹುಟ್ಟಲಿಲ್ಲ. ಡಾಕ್ಟರಿಗೂ ಅರೆಮನಸ್ಸು. ಟೀಚರ್ ಬೂಟು ಹಾಕಿಕೊಂಡು, ಗೋಡೆಯ ಕಡೆ, ನಮ್ಮ ಕಡೆ, ಹತ್ತು ಸಲ ತಿರುಗಿ ನೋಡಿ, “ನಾನು ಇದರಲ್ಲೇ ಹೋಗ್ತೀನಿ,” ಎಂದರು. ದಿನವೂ ಸಂಜೆ ಶಾಲೆಯಿಂದ ನೇರ ಬಂದು ಪಾದ ತೋರಿಸಬೇಕು, ಸ್ವಲ್ಪ ಕೆಂಪಾದರೂ ಬೂಟು ಬಿಚ್ಚಿಡಬೇಕು ಎಂಬ ಷರತ್ತಿನ ಮೇಲೆ ಡಾಕ್ಟರು ಒಪ್ಪಿದರು.

ಮೊದಲ ವಾರ ಸಂಜೆ ನಾಲ್ಕೂವರೆ ಆಗುತ್ತಿದ್ದಂತೆ ನಮ್ಮ ಕೋಣೆಯಲ್ಲಿ ಎಲ್ಲರೂ ಕೆಲಸ ಬಿಟ್ಟು ಬಾಗಿಲು ನೋಡುತ್ತಿದ್ದೆವು. ಎರಡನೆಯ ವಾರ ಮೇಲ್ವಿಚಾರಕರೇ ಟೀಚರಿಗೆ ಕುರ್ಚಿ ಎಳೆದುಕೊಡತೊಡಗಿದರು. ಹಿಂದಿನ ಬೂಟುಗಳು ಮೂರನೆಯ ವಾರದಲ್ಲಿ ಸೋತಿದ್ದವು. ಮೂರು ಕಳೆಯಿತು, ನಾಲ್ಕು ಕಳೆಯಿತು. ಆರನೆಯ ವಾರದ ಕೊನೆಗೆ ಡಾಕ್ಟರು ಕನ್ನಡಕ ಬದಲಿಸಿಕೊಂಡು, ಹೆಬ್ಬೆರಳ ಬುಡವನ್ನು ಒತ್ತಿ ಒತ್ತಿ ನೋಡಿ, “ಇನ್ಮೇಲೆ ತಿಂಗಳಿಗೊಮ್ಮೆ ಬನ್ನಿ ಸಾಕು,” ಎಂದರು. ಆಮೇಲೆ ನಿಧಾನಿಯ ಕಡೆ ತಿರುಗಿ, “ಇದು ಯಾವ ಪುಸ್ತಕದಲ್ಲಿತ್ತಪ್ಪಾ?” ಎಂದರು.

ಇಂಥ ಸರಿಯುವ ಹಾಸನ್ನು ಬೇರೆ ಕಡೆಯೂ ಯಾರೋ ಮಾಡಿದ್ದಾರೆಂದು ಎಷ್ಟೋ ದಿನಗಳ ಮೇಲೆ ನಾನು ಓದಿದೆ. ಹೇಳಲೋ ಬೇಡವೋ ಎಂದು ಹಿಂಜರಿದು ನಿಧಾನಿಗೆ ಹೇಳಿದೆ. “ಒಳ್ಳೇದಾಯ್ತು ಬಿಡು,” ಎಂದ. “ಅಲ್ಲೂ ಯಾರದೋ ಪಾದ ಉಳೀತಲ್ಲ.”

ಅಂದು ಡಾಕ್ಟರು ಆ ಪ್ರಶ್ನೆ ಕೇಳಿದಾಗ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲಿ ನೋಡಬೇಕೆಂದು ತಿಳಿಯದೆ ಅವನು ನೆಲ ನೋಡುತ್ತ, “ಎಡಗಾಲಿನ ಬೂಟು ಬಿಗಿ ಇಲ್ಲ ತಾನೇ ಟೀಚರ್?” ಎಂದು ಕೇಳಿದ. ಆ ಎಡಗಾಲನ್ನು ವರ್ಷದಿಂದ ಯಾರೂ ವಿಚಾರಿಸಿರಲಿಲ್ಲ. ಟೀಚರ್ ಅಳುತ್ತಳುತ್ತಲೇ ನಕ್ಕರು. ಹೋದ ವರ್ಷ ನಿವೃತ್ತರಾಗುವ ದಿನದವರೆಗೂ ಅವರು ಎರಡೂ ಪಾದಗಳ ಮೇಲೆ ನಿಂತೇ ಪಾಠ ಮಾಡಿದರು. ಅದನ್ನು ಸಾಧ್ಯ ಮಾಡಿಕೊಟ್ಟವನು ನನ್ನ ಗೆಳೆಯ.