ತೋಳು ಎತ್ತಾಕೆ ಜಾಗ

ತುಟಿಯ ಮೂಲೆಯಲ್ಲಿ ಮೂರು ಗುಂಡುಪಿನ್ನು ಕಚ್ಚಿಕೊಂಡೇ ಅಕ್ಕ ಮಾತಾಡುತ್ತಿದ್ದರು. ನಕ್ಕರೂ ಪಿನ್ನು ಬೀಳುತ್ತಿರಲಿಲ್ಲ. ನ್ಯಾಮತಿಯಲ್ಲಿ ನನ್ನ ಬಾಡಿಗೆ ಮನೆಯ ಎದುರಿಗೇ ಅವರ ಹೊಲಿಗೆ ಅಂಗಡಿ. ಓಣಿಯ ಎಲ್ಲ ಹೆಂಗಸರ ರವಿಕೆಯ ಅಳತೆ ಅವರಿಗೆ ಬಾಯಿಪಾಠ.

ನನ್ನ ಹುಚ್ಚು ಬೇರೆ. ಅಂಚೆ ಕಚೇರಿಯ ಕೆಲಸ ಮುಗಿಸಿ ಬಂದು ರಿಮೋಟ್ ಹಕ್ಕಿ ಕಟ್ಟುತ್ತಾ ಕೂರುವವಳು ನಾನು. ಡ್ರೋನ್ ಅಲ್ಲ ಮತ್ತೆ! ಕಡ್ಡಿಯ ಮೈ, ಪುಟ್ಟ ಮೋಟಾರು, ಬ್ಯಾಟರಿ. ನಿಜವಾದ ಹಕ್ಕಿಯ ಹಾಗೆ ರೆಕ್ಕೆ ಬಡಿದೇ ಹಾರಬೇಕು. ಹಾರುತ್ತಿರಲಿಲ್ಲ, ಅದು ಬೇರೆ ಮಾತು. ಎಸೆದರೆ ಪಟಪಟ ಬಡಿದು ಮೂಗು ಮುಂದಾಗಿ ಬೀಳುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಮೂರನೇ ಸಲ ರೆಕ್ಕೆ ಹರಿದಾಗ ಅದನ್ನು ತಂದು ಅಕ್ಕನ ಮೇಜಿನ ಮೇಲೆ ಬಿಸಾಕಿದೆ.

ಅವರು ತಿರುವಿ ಹಾಕಿ ನೋಡಿ, ರೆಕ್ಕೆ ಮೈಗೆ ಸೇರುವ ಕಡೆ ಬೆರಳಿಟ್ಟರು.

“ಏನವ್ವಾ, ತಮಟೆ ಬಿಗಿದಂಗೆ ಬಿಗಿದೀಯಲ್ಲ! ಕಂಕುಳಲ್ಲಿ ಸಡಿಲ ಇಲ್ದಿದ್ರೆ ತೋಳು ಎತ್ತಾಕೆ ಜಾಗ ಎಲ್ಲೈತೆ?”

ಹಳೇ ಕೊಡೆಯ ಬಟ್ಟೆ ಕತ್ತರಿಸಿ, ರವಿಕೆಯ ಕಂಕುಳಿಗೆ ಕೊಡುವಂತೆ ಒಂದು ತುಂಡು ಸೇರಿಸಿ ಹೊಸ ರೆಕ್ಕೆ ಹೊಲಿದರು. ಭಾನುವಾರ ಊರಾಚೆ ಜೋಳ ಕೊಯ್ದ ಹೊಲದಲ್ಲಿ ಎಸೆದೆ. ಏರಿತು! ಒಂದು ಸುತ್ತು ಹಾಕಿ ಬೇವಿನ ಮರ ದಾಟಿತು. “ಅಯ್ಯಯ್ಯೋ, ಹೋತಲ್ಲೇ ಮ್ಯಾಲೆ!” ಅಂತ ಅಕ್ಕ ಕೂಗಿದರು. ರೆಕ್ಕೆ ಹರಿದರೆ ಇರಲಿ ಅಂತ ಅಲ್ಲಿಗೂ ಬಾಯಲ್ಲಿ ಕಚ್ಚಿಕೊಂಡು ಬಂದಿದ್ದ ಪಿನ್ನು ಅವತ್ತು ಬಿದ್ದವು. ಇಬ್ಬರೂ ಕೂತು ಮಣ್ಣಲ್ಲಿ ಹುಡುಕಿದೆವು.

ಆ ಮಳೆಗಾಲದಲ್ಲಿ ಅವರ ಎದೆಯಲ್ಲಿ ಗಂಟು ಕಂಡಿತು. ದಾವಣಗೆರೆಯಲ್ಲಿ ಆಪರೇಷನ್ ಆಗಿ ಬಲಗಡೆಯ ಮೊಲೆ ತೆಗೆದರು. ಬಂದ ಮೇಲೆ ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳಲೇ ಇಲ್ಲ. ಗೋಡೆಗೆ ಎದುರಾಗಿ ನಿಂತು ಬೆರಳು ಮೇಲಕ್ಕೆ ಹತ್ತಿಸಿ ಅಂತ ನರ್ಸು ಹೇಳಿಕೊಟ್ಟಿದ್ದರಂತೆ. ಅಕ್ಕ ದಿನವೂ ಅಂಗಡಿಯ ಗೋಡೆಯ ಮೇಲೆ ಹತ್ತಿಸಿ, ಬೆರಳು ನಿಂತಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದರು.

“ತಲೆ ದಾಟ್ಲಿ. ಅವತ್ತು ಹಕ್ಕೀನ ನಾನೇ ಬಿಡ್ತೀನಿ.”

“ಎಡಗೈಲಿ ಎಸೀರಿ ಅತ್ಲಾಗೆ,” ಅಂದೆ.

“ಥೂ, ನಾ ಹೊಲಿದಿದ್ದನ್ನ ಎಡಗೈಲಿ ಕಳಿಸ್ಲಾ?”

ಗೀಟು ಗಲ್ಲ ದಾಟಿತು, ಹಣೆ ದಾಟಿತು. ಮುಂದಿನ ಕೊಯ್ಲಾದ ಮೇಲೆ ಒಂದು ದಿನ ತಲೆಗಿಂತ ಒಂದು ಬೆರಳು ಮೇಲೆ ಹೋಯಿತು. ಮಾರನೇ ದಿನವೇ ಅದೇ ಹೊಲಕ್ಕೆ ಹೋದೆವು. ರಿಮೋಟ್ ನನ್ನ ಕೈಲಿ, ಹಕ್ಕಿ ಅವರ ಬಲಗೈಲಿ. ರೆಕ್ಕೆ ಬಡಿಯತೊಡಗಿತು. ಕೈ ನಿಧಾನ ಏರಿತು, ಕಿವಿಯ ಹತ್ತಿರ ನಿಂತಿತು. ಗೋಡೆಯ ಆಸರೆ ಇಲ್ಲಿರಲಿಲ್ಲ. ಅವರ ಹಣೆಯೆಲ್ಲ ಬೆವರು.

“ತಡಿ, ತಡಿ... ಬರ್ತೈತೆ.”

ಗಾಳಿ ತಿರುಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. “ಕೊಡ್ರಿ ಅಕ್ಕಾ ಇತ್ಲಾಗೆ, ಬ್ಯಾಟರಿ ಹೋಗ್ತೈತೆ!” ಅಂತ ಕಸಿದು ನಾನೇ ಎಸೆದೆ.

ಅಷ್ಟು ಚೆಂದ ಅದು ಎಂದೂ ಹಾರಿರಲಿಲ್ಲ. ಇಳಿಸಿ ತಿರುಗಿ ನೋಡಿದರೆ ಅಕ್ಕನ ಕೈ ಇನ್ನೂ ಕಿವಿಯ ಹತ್ತಿರವೇ ಇತ್ತು, ಖಾಲಿ. “ಚೆಂದ ಹಾರ್ತು ಬಿಡು,” ಅಂದರು. ಮುಂದಿನ ವಾರ ನೀವೇ ಬಿಡುವಿರಂತೆ ಅಂದೆ. ಹೂಂ ಅಂದರು.

ಮುಂದಿನ ವಾರ ಅವರಿಗೆ ಬೆನ್ನುನೋವು ಶುರುವಾಯಿತು. ಕಾಯಿಲೆ ಮೂಳೆಗೆ ಇಳಿದಿತ್ತು. ಗೋಡೆಯ ಗೀಟುಗಳೂ ಇಳಿಯತೊಡಗಿದವು: ಹಣೆ, ಗಲ್ಲ, ಎದೆ. ಅವನ್ನೂ ಬಿಡದೆ ಎಳೆದರು. “ಯಾಕ್ರೀ ಅಕ್ಕಾ ಇವೆಲ್ಲ?” ಅಂದರೆ, “ಅಳತೆ ಅಂದ್ರೆ ಅಳತೆ. ಸುಳ್ಳು ಹಾಕಬಾರ್ದು,” ಅಂದರು.

ಯುಗಾದಿ ಕಳೆದು ಎಂಟು ದಿನಕ್ಕೆ ಹೋಗಿಬಿಟ್ಟರು. ಅಂಗಡಿಗೆ ಬೇರೆಯವರು ಬಂದು ಗೋಡೆಗೆ ಬಣ್ಣ ಬಳಿದಿದ್ದಾರೆ. ಹಕ್ಕಿ ನನ್ನಲ್ಲೇ ಇದೆ. ಅಕ್ಕನ ಹೊಲಿಗೆ ಒಂದೆಳೆಯೂ ಬಿಟ್ಟಿಲ್ಲ. ಹಾರಿಸುತ್ತೇನೆ. ಪ್ರತಿ ಸಲವೂ ಕೈ ಎತ್ತಿ, ತೋಳು ನೋಯುವವರೆಗೂ ತಡೆದು ನಿಲ್ಲುತ್ತೇನೆ.

ಅವರ ಹತ್ತಿರ ತಪ್ಪಾಯಿತು ಅಂತ ನಾನು ಒಂದು ಮಾತೂ ಹೇಳಲಿಲ್ಲ. ಅವತ್ತು ನನ್ನ ಚೀಲದಲ್ಲಿ ಚಾರ್ಜ್ ಮಾಡಿದ ಇನ್ನೊಂದು ಬ್ಯಾಟರಿ ಇತ್ತು. ಇರುವುದು ನನಗೆ ಗೊತ್ತಿತ್ತು.